ಎಟಿವಿಯನ್ನು ಔಷಧಿ ಪಂಪಿನಲ್ಲಿ ತೊಳೆಯಬೇಡಿ

ನಮ್ಮದು ಕೊಪ್ಪದ ಕಡೆ ಅಡಿಕೆ, ಕಾಫಿ ತೋಟ. ಮೂರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ, ಅಂದರೆ ಕೆಸರು, ಗುಡ್ಡದಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಬೈಕಿನಂಥ ಗಾಡಿ, ತೆಗೆದುಕೊಂಡೆ. ಗೊಬ್ಬರದ ಚೀಲ ಸಾಗಿಸೋಕೆ ಅಂತ ಮನೆಯಲ್ಲಿ ಹೇಳಿದ್ದೆ. ಅಲ್ಲಿ ಯಾರೂ ನಂಬಲಿಲ್ಲ, ಅದು ಬೇರೆ ವಿಷಯ.

ಕಳೆದ ಜುಲೈಯಲ್ಲಿ ಪುನರ್ವಸು ಮಳೆ ಹಿಡಿದುಕೊಂಡಿತ್ತು. ಅಣ್ಣನ ಮಗ ಬೆಂಗಳೂರಿನಿಂದ ಇಬ್ಬರು ಗೆಳೆಯರ ಜೊತೆ ಬಂದಿದ್ದ. "ಚಿಕ್ಕಪ್ಪ, ಒಂದೇ ರೌಂಡ್" ಅಂತ ಶುರುವಾದದ್ದು, ಮಧ್ಯಾಹ್ನವಿಡೀ ಕೆಳಗಿನ ಗದ್ದೆಯಲ್ಲಿ ನಡೆಯಿತು. ನಾಟಿಗೆ ಹೂಡಿ ಬಿಟ್ಟ ಗದ್ದೆ, ಮೊಣಕಾಲುದ್ದ ಕೆಸರು. ಗಾಡಿ ವಾಪಸ್ ಬಂದಾಗ ಅದರ ಬಣ್ಣ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಗಾಡಿ ಆಗಲೂ ಚೆನ್ನಾಗಿಯೇ ಓಡುತ್ತಿತ್ತು. ಕೆಸರು ಅದಕ್ಕೆ ಏನೂ ಮಾಡಿರಲಿಲ್ಲ.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಎರಡನೇ ಸುತ್ತು ಅರ್ಧ ಆಗಿ ಮಳೆಗೆ ನಿಂತಿತ್ತು. ಹಾಗಾಗಿ ಔಷಧಿ ಹೊಡೆಯುವ ಪವರ್ ಪಂಪು ಅಂಗಳದಲ್ಲೇ ಇತ್ತು. ಅಡಿಕೆ ಮರದ ಕೊನೆಗೆ ನೆಲದಿಂದಲೇ ಔಷಧಿ ಮುಟ್ಟಿಸುವ ಪಂಪು ಅದು. ಅದರ ಗನ್ ಹಿಡಿದು ನೀರು ಬಿಟ್ಟರೆ ಕೆಸರು ಹಾರಿಹೋಗುವುದನ್ನು ನೋಡುವುದೇ ಒಂದು ಖುಷಿ. ಎಂಜಿನ್ ಇನ್ನೂ ಮುಟ್ಟಲಾಗದಷ್ಟು ಬಿಸಿ ಇತ್ತು. ಅರ್ಧ ಗಂಟೆ ಹೊಡೆದೆ. ಚಕ್ರದ ನಡುವೆ, ಎಂಜಿನ್ ಪಕ್ಕ, ರೇಡಿಯೇಟರಿನ ಜಾಲರಿಯ ಮೇಲೆ, ಎಲ್ಲೆಲ್ಲಿ ಕೆಸರು ಕಂಡಿತೋ ಅಲ್ಲಲ್ಲಿ ಗನ್ನಿನ ಮೂತಿ ಒತ್ತಿ ಹಿಡಿದೆ. ಆಮೇಲೆ ಟಾರ್ಪಾಲು ಹೊದೆಸಿ ಮಲಗಿದೆ.

ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಮುಂದೆ ಹೋಗಲಿಲ್ಲ. ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಎಲ್ಲೋ ಕೆಸರು ಕಚ್ಚಿಕೊಂಡಿರಬೇಕು ಅಂದುಕೊಂಡು ಜೋರಾಗಿ ರೈಸ್ ಮಾಡಿದೆ. ಕೀಂಯ್ ಅಂತ ಒಂದು ಶಬ್ದ, ಜೊತೆಗೆ ಸುಟ್ಟ ರಬ್ಬರ್ ವಾಸನೆ. ಅಲ್ಲಿಗೆ ಬೆಲ್ಟಿನ ಕಥೆ ಮುಗಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ತುಂಬ ಎಟಿವಿಗಳಲ್ಲಿ ಬೈಕಿನ ಹಾಗೆ ಕಾಲಲ್ಲಿ ಹಾಕುವ ಗೇರು ಇರುವುದಿಲ್ಲ. ಸ್ಕೂಟರಿನ ಹಾಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟು. ಪುಲ್ಲಿ ಬೆಲ್ಟನ್ನು ಅದುಮಿ ಹಿಡಿದರಷ್ಟೇ ಗಾಡಿ ಓಡುತ್ತದೆ. ಬೆಲ್ಟು ಬಿಸಿಯಾಗಬಾರದು ಅಂತ ಅದರ ಡಬ್ಬಿಗೆ ಗಾಳಿ ಬರಲು ಒಂದು ಕೊಳವೆ, ಹೋಗಲು ಒಂದು ಕೊಳವೆ ಇಟ್ಟಿರುತ್ತಾರೆ. ನಾನು ಗನ್ ಹಿಡಿದದ್ದು ಸರಿಯಾಗಿ ಆ ಕೊಳವೆಯ ಬಾಯಿಗೆ. ಒಳಗೆ ನೀರು ನಿಂತು ಬೆಲ್ಟು ಒದ್ದೆಯಾಗಿ ಜಾರಿದೆ. ಜಾರುತ್ತಿರುವಾಗ ನಾನು ರೈಸ್ ಮಾಡಿದ್ದಕ್ಕೆ ಸುಟ್ಟಿದೆ.

ನನ್ನದರಲ್ಲಿ ಆ ಡಬ್ಬಿಯ ಅಡಿಯಲ್ಲಿ ಒಂದು ಪುಟ್ಟ ರಬ್ಬರ್ ಬಿರಡೆ ಇದೆ, ನೀರು ಬಸಿಯಲಿಕ್ಕೆಂದೇ. ಅದನ್ನು ತೆಗೆದು ನೀರು ಬಿಟ್ಟು, ಬಿರಡೆ ಹಾಕಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹತ್ತು ಸೆಕೆಂಡಿನಷ್ಟು ಹದವಾಗಿ ರೈಸ್ ಮಾಡಿ ಬಿಡಬೇಕಿತ್ತು. ಪುಲ್ಲಿಯ ಗಾಳಿಗೇ ಬೆಲ್ಟು ಒಣಗುತ್ತದೆ. ಇಷ್ಟೇ ಕೆಲಸ! ಬಿರಡೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನೀವು ಒಮ್ಮೆ ಬಗ್ಗಿ ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ನನ್ನ ಗಾಡಿಗೆ ರಸ್ತೆಯ ನೋಂದಣಿ ಇಲ್ಲ. ಓಡಿಸಿಕೊಂಡು ಹೋಗುವ ಹಾಗಿಲ್ಲ. ಪಿಕಪ್ ಮಾಡಿ ಶಿವಮೊಗ್ಗಕ್ಕೆ ಸಾಗಿಸಿದ್ದಾಯಿತು. ಬೆಲ್ಟು ಬದಲಾಯಿತು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಎರಡು ವಾರ ಕಳೆದ ಮೇಲೆ ಗುಡ್ಡ ಹತ್ತುವಾಗ ಬಿಸಿ ದೀಪ ಉರಿಯಿತು. ಕೂಲೆಂಟ್ ಸರಿ ಇದೆ, ಫ್ಯಾನ್ ತಿರುಗುತ್ತಿದೆ. ಬೆಳಕು ಹಿಡಿದು ನೋಡಿದರೆ ರೇಡಿಯೇಟರಿನ ರೆಕ್ಕೆಗಳು ಮಡಚಿ ಮಲಗಿವೆ. ಅವು ಕಾಗದದ ಹಾಗಿರುವ ಅಲ್ಯೂಮಿನಿಯಂ ಎಸಳುಗಳು, ಉಗುರು ತಾಗಿದರೂ ಬಾಗುತ್ತವೆ. ನಾನು ಮುಂದಿನಿಂದ ನೀರು ಹೊಡೆದು ಕೆಲವನ್ನು ಮಲಗಿಸಿದ್ದೆ, ಉಳಿದವುಗಳ ಸಂದಿಗೆ ಕೆಸರನ್ನು ಇನ್ನೂ ಒಳಕ್ಕೆ ಜಡಿದಿದ್ದೆ. ಹೊರಗಿನಿಂದ ಕ್ಲೀನ್ ಕಾಣುತ್ತಿತ್ತು, ಒಳಗೆ ಇಟ್ಟಿಗೆ ಹಾಗೆ ಗಟ್ಟಿಯಾಗಿತ್ತು.

ನನ್ನ ಚಿಕ್ಕಪ್ಪ ಬಂದು ನೋಡಿ, "ಅಲ್ಲ ಮಾರಾಯ, ಆ ಪಂಪು ತೊಳೆದಿದ್ದೆಯಾ?" ಅಂತ ಕೇಳಿದರು. ನಾನು ಬಾಯಿ ಮುಚ್ಚಿಕೊಂಡೆ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಸುಣ್ಣ ಕಮ್ಮಿ ಬಿದ್ದರೆ ಅದರಲ್ಲಿ ಅದ್ದಿದ ಕತ್ತಿಗೆ ಕೆಂಪಗೆ ತಾಮ್ರ ಹತ್ತುತ್ತದೆ, ಹಾಗೆ ಪರೀಕ್ಷೆ ಮಾಡಿಯೇ ನಾವು ಮರಕ್ಕೆ ಹೊಡೆಯುವುದು. ತೊಳೆಯದ ಪಂಪಿನಲ್ಲಿ ಉಳಿದ ಆ ತಾಮ್ರ ರೇಡಿಯೇಟರಿನ ಅಲ್ಯೂಮಿನಿಯಂ ಮೇಲೆ ಒದ್ದೆಯಾಗಿ ಕೂತರೆ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತಾ ಹೋಗುತ್ತದೆ. "ಕತ್ತಿಗೆ ಪರೀಕ್ಷೆ ಮಾಡ್ತೀಯ, ಲಕ್ಷದ ಗಾಡಿಗೆ ಸುಮ್ನೆ ಹೊಡೀತೀಯ" ಅಂದರು. ಏನು ಹೇಳಲಿ.

ಮೂರನೆಯದು ಸೆಪ್ಟೆಂಬರಿನಲ್ಲಿ ಹೊರಬಿತ್ತು. ಹಿಂದಿನ ಬಲ ಚಕ್ರ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಬೇರಿಂಗ್ ಹೋಗಿತ್ತು. ಬೇರಿಂಗಿಗೆ ಇರುವ ರಬ್ಬರ್ ಸೀಲು ಕೆಸರನ್ನು ತಡೆಯುತ್ತದೆ, ಹೊಂಡದ ನೀರನ್ನೂ ಒಂದಿಷ್ಟು ತಡೆಯುತ್ತದೆ. ಒಂದು ಗೇಣು ದೂರದಿಂದ ಪಂಪಿನ ನೀರು ಹೊಡೆದರೆ ಅದರ ತುಟಿ ತೆರೆದುಕೊಳ್ಳುತ್ತದೆ. ಅದೂ ಅಲ್ಲದೆ ಬಿಸಿ ಇದ್ದ ಲೋಹ ತಣ್ಣೀರಿಗೆ ಫಕ್ಕನೆ ತಣಿದರೆ ಒಳಗಿನ ಗಾಳಿ ಕುಗ್ಗಿ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಗಾಡಿಯ ಹಿಂಬದಿಯ ಗೇರ್ ಬಾಕ್ಸಿಗೂ ಹೀಗೇ ಆಗಿತ್ತು. ಮೆಕ್ಯಾನಿಕ್ ನಟ್ಟು ಬಿಚ್ಚಿದಾಗ ಬಂದದ್ದು ಎಣ್ಣೆಯಲ್ಲ, ಹಾಲು ಜಾಸ್ತಿಯಾದ ಕಾಫಿ. "ಸಾರ್, ಇನ್ನೊಂದು ತಿಂಗಳು ಓಡಿಸಿದ್ದರೆ ಗೇರೇ ಹಾಕಿಸಬೇಕಿತ್ತು" ಅಂದ. ಬೆಲ್ಟು, ರೇಡಿಯೇಟರ್, ಬೇರಿಂಗು, ಎಣ್ಣೆ, ಎರಡು ಸಲದ ಪಿಕಪ್ ಬಾಡಿಗೆ ಎಲ್ಲ ಸೇರಿ ನಲವತ್ತು ಸಾವಿರ ದಾಟಿತು.

ಹಾಗಂತ ತೊಳೆಯದೆ ಬಿಟ್ಟರೂ ಆಗುವುದಿಲ್ಲ. ನಮ್ಮ ಕೆಮ್ಮಣ್ಣು ಒಣಗಿದರೆ ಗಾರೆ ಹಾಗೆ ಹಿಡಿಯುತ್ತದೆ, ಅದರಡಿ ಕಬ್ಬಿಣ ತಿಂಗಳುಗಟ್ಟಲೆ ತೇವದಲ್ಲೇ ಇರುತ್ತದೆ. ಎಂಜಿನ್ ಅಡಿಯ ತಟ್ಟೆಯ ಮೇಲೆ ಸೇರಿಕೊಳ್ಳುವ ದರಗು, ಸೋಗೆಯ ಚೂರು ಬೇಸಿಗೆಯಲ್ಲಿ ಒಣಗಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹತ್ತಬಹುದು.

ಈಗ ನಾನು ಮಾಡುವುದು ಹೀಗೆ. ಗಾಡಿ ಬಂದ ಮೇಲೆ ಮೊದಲು ಕಾಫಿ ಕುಡಿಯುವುದು. ಎಂಜಿನ್ ಮೇಲೆ ಕೈ ಇಡುವಷ್ಟು ತಣಿಯುವವರೆಗೆ ನೀರು ಮುಟ್ಟಿಸುವುದಿಲ್ಲ. ಆಮೇಲೆ ತೋಟದ ಸಾದಾ ಪೈಪಿನಲ್ಲಿ, ಬೆರಳು ಅಡ್ಡ ಹಿಡಿಯದೆ, ಸುಮ್ಮನೆ ನೆನೆಸಿ ಕಾಲು ಗಂಟೆ ಬಿಡುತ್ತೇನೆ. ನೆನೆದ ಕೆಸರು ಅರ್ಧಕ್ಕರ್ಧ ತಾನೇ ಜಾರುತ್ತದೆ, ಉಳಿದದ್ದಕ್ಕೆ ಬ್ರಷ್ಷು ಮತ್ತು ಶಾಂಪೂ ನೀರು. ರೇಡಿಯೇಟರಿಗೆ ಮಾತ್ರ ಎಂಜಿನ್ ಕಡೆಯಿಂದ ಹೊರಗೆ ಬರುವ ಹಾಗೆ ಮೆಲ್ಲಗೆ ನೀರು ಬಿಡುತ್ತೇನೆ. ಕೆಸರು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಇದಕ್ಕೇ ಇಪ್ಪತ್ತು ನಿಮಿಷ ಬೇಕು, ಬೇಜಾರಾಗುತ್ತದೆ, ಆದರೂ ಮಾಡಿ. ನೀರು ಮುಟ್ಟಿಸುವ ಮೊದಲೇ ಗಾಳಿ ಕೊಳವೆಗಳ ಬಾಯಿಗೆ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತೇನೆ. ಬಿಚ್ಚಲು ಮರೆಯಬಾರದು ಅಂತ ಕೀಲಿಗೂ ಒಂದು ಕವರ್ ಕಟ್ಟಿರುತ್ತೇನೆ, ನಗಬೇಡಿ.

ತೊಳೆಯುತ್ತಾ ಆಕ್ಸಲಿನ ಜಾಯಿಂಟಿಗೆ ಹೊದೆಸಿದ ರಬ್ಬರ್ ಬೂಟುಗಳನ್ನು ಬೆರಳಲ್ಲಿ ಅಗಲಿಸಿ ನೋಡುತ್ತೇನೆ. ಒಂದು ಸಣ್ಣ ಸೀಳಿದ್ದರೂ ಗ್ರೀಸ್ ಹೊರಗೆ, ಕೆಸರು ಒಳಗೆ. ಆಕ್ಸಲಿಗೆ ಸುತ್ತಿಕೊಂಡ ಹುಲ್ಲು, ಸೋಗೆ ನಾರು ಕತ್ತರಿಸಿ ತೆಗೆಯಲೇಬೇಕು, ಅವು ಹಗ್ಗದ ಹಾಗೆ ತಿರುಗಿ ಸೀಲನ್ನೇ ಕೊಯ್ಯುತ್ತವೆ. ಮಳೆಗಾಲದಲ್ಲಿ ಇಂಬಳವೂ (ಜಿಗಣೆ) ಸಿಗುತ್ತದೆ, ಸುಣ್ಣ ಹತ್ತಿರ ಇಟ್ಟುಕೊಳ್ಳಿ.

ಕೊನೆಗೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಳಗೆ ನೀರಿದೆಯಾ ಅಂತ ನೋಡುತ್ತೇನೆ. ಗ್ರೀಸ್ ನಿಪ್ಪಲ್ ಇರುವ ಕಡೆಯೆಲ್ಲ ಹೊಸ ಗ್ರೀಸ್ ಒತ್ತುತ್ತೇನೆ, ಹಳೆಯದರ ಜೊತೆ ನೀರೂ ಹೊರಗೆ ಬರುತ್ತದೆ. ಎಂಜಿನ್ ಹತ್ತು ನಿಮಿಷ ಚಾಲೂ ಬಿಟ್ಟು, ಅಂಗಳದಲ್ಲೇ ಎರಡು ಸುತ್ತು ಹೊಡೆದು ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸುತ್ತೇನೆ. ಟಾರ್ಪಾಲು ಒದ್ದೆ ಗಾಡಿಯ ಮೇಲೆ ಯಾವತ್ತೂ ಹಾಕುವುದಿಲ್ಲ.

ಇನ್ನೊಂದು. ವಾಟರ್ ಸರ್ವಿಸ್ ಅಂಗಡಿಗೆ ಒಯ್ದರೆ ಅವರೂ ಇದೇ ಜೋರಿನ ನೀರು ಹೊಡೆದು, ಹೊಳಪಿಗೆ ಅಂತ ಮೇಲಿಂದ ಡೀಸೆಲ್ ಸಿಂಪಡಿಸುತ್ತಾರೆ. ಡೀಸೆಲ್ ಬಿದ್ದರೆ ರಬ್ಬರ್ ಬುಷ್ಷು ಉಬ್ಬಿ ಮೆತ್ತಗಾಗುತ್ತದೆ, ಬ್ರೇಕ್ ಡಿಸ್ಕಿಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ. ಬೇಡ ಅಂತ ಮೊದಲೇ ಹೇಳಿ, ಪಕ್ಕದಲ್ಲಿ ನಿಂತೇ ತೊಳೆಸಿ.

ಸೆಕೆಂಡ್ ಹ್ಯಾಂಡ್ ನೋಡುವವರಿಗೂ ಒಂದು ಮಾತು. ನಾನು ಕೊಂಡ ದಿನ ಗಾಡಿ ಅಡಿಯ ತನಕ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಮೆಚ್ಚಿ ಐದು ಸಾವಿರ ಚೌಕಾಸಿಯನ್ನೂ ಬಿಟ್ಟೆ. ಈಗಾದರೆ ಹೊಳಪು ನೋಡುವುದಿಲ್ಲ, ಮೊದಲು ಗೇರ್ ಎಣ್ಣೆಯ ನಟ್ಟು ಬಿಚ್ಚಿಸುತ್ತೇನೆ.