ಮನೆ ಅಗ್ರಿಮೆಂಟ್ ಓದಿಸಿದ್ದು, ದುರ್ಗಿಗುಡಿಲಿ

ತೀರ್ಥಹಳ್ಳಿ ಹತ್ರ ಮನೆ ಕಟ್ಟಿಸ್ತಿದೀವಿ, ಕಂಟ್ರಾಕ್ಟರ್ ಕೊಟ್ಟ ಅಗ್ರಿಮೆಂಟ್ 14 ಪೇಜು, ನಂಗೆ ತಲೆಬುಡ ಅರ್ಥ ಆಗ್ಲಿಲ್ಲ, ಸೈನ್ ಹಾಕೋ ಮುಂಚೆ ಶಿವಮೊಗ್ಗ ದುರ್ಗಿಗುಡಿಲಿ ಇಂಥ ಪೇಪರ್ ನೋಡಿಕೊಡೋ ರಿಟೈರ್ಡ್ ಇಂಜಿನಿಯರ್ ಒಬ್ರ ಹತ್ರ ಹೋದೆ. ಅವ್ರು ಪೇಜ್ ಎಣಿಸ್ಲೇ ಇಲ್ಲ. ಪೆನ್ಸಿಲ್ ತಗೊಂಡು ಒಂದು ಷರತ್ತಿಂದ ಇನ್ನೊಂದಕ್ಕೆ ಗೆರೆ ಎಳೀತಾ ಹೋದ್ರು, "9ನೇದು ಅರ್ಥ ಆಗ್ಬೇಕಂದ್ರೆ 4 ನೋಡ್ಬೇಕು, 4ಕ್ಕೆ ಕೊನೇ ಪೇಜಿನ ಪಟ್ಟಿ ನೋಡ್ಬೇಕು, ತೊಡಕು ಇರೋದು ಇಲ್ಲಿ ಮಾರಾಯ್ರೆ" ಅಂದ್ರು. ಗೆರೆ ಎಷ್ಟು, ಒಂದೇ ವಾಕ್ಯದಲ್ಲಿ "ಆದರೆ", "ಹೊರತು" ಎಷ್ಟು, ಅರ್ಥ ಹೇಳದೆ ಬಿಟ್ಟ ಪದ ಎಷ್ಟು, ಅಗ್ರಿಮೆಂಟ್ ಎಷ್ಟು ತೊಡಕು ಅನ್ನೋದಕ್ಕೆ ಅದೇ ಅವರ ಅಳತೆ.

ಚದರಕ್ಕೆ ಇಷ್ಟು ಅಂತ ರೇಟ್ ಇತ್ತು, ಸಿಟೌಟು ಸಜ್ಜ ಅದ್ರಲ್ಲಿ ಸೇರತ್ತಾ ಇಲ್ವಾ ಎಲ್ಲೂ ಬರ್ದಿರ್ಲಿಲ್ಲ, ಐಎಸ್ 3861 (ಕಟ್ಟಡದ ವಿಸ್ತೀರ್ಣ ಅಳೆಯೋ ಭಾರತೀಯ ಮಾನದಂಡ) ಪ್ರಕಾರ ವಿಸ್ತೀರ್ಣ ಅಳೀಬೇಕು ಅಂತ ಇಂಜಿನಿಯರ್ ಸೇರಿಸಿದ್ರು. "ಮಳೆಯಿಂದ ತಡವಾದರೆ ಅವಧಿ ವಿಸ್ತರಣೆ" ಅನ್ನೋ ಸಾಲಿಗೆ ದೊಡ್ಡ ಸುತ್ತು ಹಾಕಿದ್ರು. ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮಳೇನೇ ಅಲ್ವಾ, ಎಷ್ಟು ದಿನ ಅಂತ ಬರೀದಿದ್ರೆ ಇಡೀ ಮಳೆಗಾಲ ಅವ್ರ ಪಾಲಿಗೇ ಹೋಗತ್ತೆ! ತಡಕ್ಕೆ ದಂಡ ಬರ್ದಿದ್ರೂ 1872ರ ಕಾಂಟ್ರಾಕ್ಟ್ ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಕೋರ್ಟು ಅಷ್ಟರೊಳಗೆ ನ್ಯಾಯವಾದಷ್ಟೇ ಕೊಡ್ಸೋದು, ಪೂರ್ತಿ ಸಿಗತ್ತೆ ಅಂತ ನಂಬ್ಕೋಬೇಡಿ ಅಂತಾನೂ ಹೇಳಿದ್ರು.

ಎರಡು ದಿನ ಕಾಯ್ಬೇಕು, ನೋಟೆಲ್ಲ ಕೈಬರಹ, ಓದೋಕೆ ಸ್ವಲ್ಪ ಕಷ್ಟ. ಆದ್ರೂ ಐದಕ್ಕೆ ಐದು ಸ್ಟಾರ್. ಕಂಟ್ರಾಕ್ಟರೂ ತಿದ್ದಿದ್ದನ್ನ ಒಪ್ಕೊಂಡ್ರು, ಹೋದ ವಾರ ಪಾಯ ತೆಗ್ದಾಯ್ತು.