ಜಿಪ್‌ಲೈನ್, ರಾಪೆಲಿಂಗ್, ರಾಫ್ಟಿಂಗ್, ಕಯಾಕ್: ನಾಲ್ಕನ್ನೂ ಒಂದೇ ದಿನ ಮಾಡಿ ನೋಡಿದೆವು

ಪ್ರವಾಸಕ್ಕೆ ಹೋದಾಗ ಒಂದು ದಿನವನ್ನು ಸಾಹಸಕ್ಕೆ ಅಂತ ಎತ್ತಿಟ್ಟುಕೊಂಡವರಿಗೆ ಗೊತ್ತು, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಎತ್ತರಕ್ಕೆ ಹೋಗೋಣ ಅಂತ ಒಬ್ಬರು, ನೀರಿಗೆ ಹೋಗೋಣ ಅಂತ ಇನ್ನೊಬ್ಬರು. ಎತ್ತರ ಅಂದರೆ ಸಾಮಾನ್ಯವಾಗಿ ಜಿಪ್‌ಲೈನ್ (ತಂತಿಗೆ ಜೋತುಬಿದ್ದು ಜಾರೋದು) ಇಲ್ಲವೇ ರಾಪೆಲಿಂಗ್ (ಹಗ್ಗ ಹಿಡಿದು ಬಂಡೆ ಇಳಿಯೋದು). ನೀರು ಅಂದರೆ ರಾಫ್ಟಿಂಗ್ (ಗುಂಪಾಗಿ ದೋಣಿಯಲ್ಲಿ ರಭಸದ ನದಿ ಇಳಿಯೋದು) ಇಲ್ಲವೇ ಕಯಾಕ್ (ನಾವೇ ಹುಟ್ಟು ಹಾಕುವ ಪುಟ್ಟ ದೋಣಿ). ನಾವು ನಾಲ್ಕು ಜನ ಇದ್ದೆವು: ನಾನು, ನಮ್ಮನೆಯವರು, 11 ವರ್ಷದ ಮಗಳು, ನನ್ನ ಅಣ್ಣ. ಒಬ್ಬರ ಮಾತು ಒಬ್ಬರು ಕೇಳಲಿಲ್ಲ. ಕೊನೆಗೆ ನಾಲ್ಕನ್ನೂ ಒಂದೇ ದಿನಕ್ಕೆ ತುರುಕಿದೆವು. ಮರುದಿನ ಹಾಸಿಗೆಯಿಂದ ಏಳೋಕೆ ಆಗದೇ ಹೋದಾಗ ಅದು ದಡ್ಡತನ ಅಂತ ಗೊತ್ತಾಯಿತು. ಆದರೆ ಹೋಲಿಸೋಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ ಅಲ್ವಾ?

ಯಾವುದು ಜಾಸ್ತಿ ಭಯ ಹುಟ್ಟಿಸಿತು ಅಂತ ನಾನು ಅಳೆಯಲಿಲ್ಲ. ಗಡಿಯಾರ ನೋಡಿದೆ. ಎಷ್ಟು ಹೊತ್ತು ಕಾದೆ, ಎಷ್ಟು ಹೊತ್ತು ನನ್ನ ಕೈಯಾರೆ ಏನಾದರೂ ಮಾಡಿದೆ ಅನ್ನೋದೇ ನನ್ನ ಲೆಕ್ಕ.

ತಂತಿಯೋ ಹಗ್ಗವೋ

ಜಿಪ್‌ಲೈನ್‌ನಲ್ಲಿ ನಾನೊಂದು ಪಾರ್ಸೆಲ್. ಸೊಂಟಕ್ಕೂ ತೊಡೆಗೂ ಹಾರ್ನೆಸ್ ಅನ್ನುವ ಪಟ್ಟಿ ಬಿಗಿದರು, ಎರಡು ಕಡೆ ಕೊಕ್ಕೆ ಹಾಕಿದರು, 'ಕಾಲು ಎತ್ತಿ' ಅಂದರು, ಬಿಟ್ಟರು. ತಲೆಯ ಮೇಲೆ ಉಕ್ಕಿನ ತಂತಿಯ ಮೇಲೆ ರಾಟೆ ಕೀಂಯ್ ಅಂತ ಕೂಗುತ್ತಾ ಓಡಿತು. ಕೆಳಗೆ ಮರಗಳ ತಲೆ ಕಂಡಿತು. ಅಯ್ಯೋ ಅಂತ ಕೂಗಬೇಕು ಅಂದುಕೊಳ್ಳುವಷ್ಟರಲ್ಲಿ ಆ ಕಡೆಯ ಬ್ರೇಕ್‌ಗೆ ಬಡಿದು ನಿಂತೆ. ಕಾದಿದ್ದು 1 ಗಂಟೆ 10 ನಿಮಿಷ, ತಂತಿಯ ಮೇಲೆ ಇದ್ದಿದ್ದು 40 ಸೆಕೆಂಡೂ ಇಲ್ಲ. ಫೋಟೊ ಮಾತ್ರ ಚೆನ್ನಾಗಿ ಬಂದಿದೆ.

ಒಂದು ವಿಷಯ ಮಾತ್ರ ಗಮನ ಇಟ್ಟು ಕೇಳಿ. ಜಿಪ್‌ಲೈನ್‌ಗೆ ತೂಕದ ಮಿತಿ ಅಂದರೆ ದಪ್ಪ ಇರೋರಿಗೆ ಮಾತ್ರ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ, ಕನಿಷ್ಠ ತೂಕವೂ ಇರುತ್ತದೆ. ತಂತಿ ಎಷ್ಟೇ ಬಿಗಿಯಾಗಿ ಕಂಡರೂ ಮಧ್ಯದಲ್ಲಿ ಜೋತುಬಿದ್ದಿರುತ್ತದೆ. ಹಾಗಾಗಿ ಎಷ್ಟೋ ಕಡೆ ಕೊನೆಯ ಭಾಗ ಸ್ವಲ್ಪ ಏರು. ತೂಕ ಇರೋರು ಗಾಳಿಯನ್ನು ಸೀಳಿಕೊಂಡು ಆ ಏರನ್ನು ದಾಟುತ್ತಾರೆ. ಹಗುರ ಇರೋರನ್ನು ಗಾಳಿಯೇ ತಡೆಯುತ್ತದೆ. ನನ್ನ ಮಗಳು ಕೊನೆ ಮುಟ್ಟೋಕೆ ಇನ್ನು ಹತ್ತು ಮೀಟರ್ ಇದೆ ಅನ್ನುವಾಗ ನಿಂತಳು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿದಳು! ಒಬ್ಬ ಹುಡುಗ ತಂತಿಗೆ ತನ್ನನ್ನೂ ಕಟ್ಟಿಕೊಂಡು, ಕೈಮೇಲೆ ಕೈ ಹಾಕಿ ಎಳೆಯುತ್ತಾ ಹೋಗಿ ಅವಳನ್ನು ಕರೆತಂದ. ಅವಳು ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಹತ್ತಿಸುವ ಮೊದಲು ಅವಳ ತೂಕ ಯಾರೂ ಕೇಳಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ನೀವಾಗಿಯೇ ಕೇಳಿ. ಮಗು ಮೈಕೈ ಮುದುಡಿ ಉಂಡೆಯಂತೆ ಕೂತರೆ ವೇಗ ಹೆಚ್ಚುತ್ತದೆ, ಕೈಕಾಲು ಚಾಚಿದರೆ ಕಡಿಮೆಯಾಗುತ್ತದೆ ಅನ್ನೋದನ್ನೂ ಹೇಳಿಕೊಡಿ. ರಾಟೆಯ ಮುಂದೆ ತಂತಿಯನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಯಬಾರದು. ಬೆರಳು ರಾಟೆಯಡಿ ಸಿಕ್ಕಿದರೆ ಮುಗೀತು.

ರಾಪೆಲಿಂಗ್ ಇದರ ತದ್ವಿರುದ್ಧ. ಇಲ್ಲಿ ನೀವು ಏನೂ ಮಾಡದಿದ್ದರೆ ಏನೂ ಆಗಲ್ಲ. ಸುಮ್ನೆ ನಿಂತೇ ಇರ್ತೀರಿ.

ಸುಮಾರು 25 ಮೀಟರ್ ಎತ್ತರದ ಬಂಡೆ. ಇಳಿಸುವವರು ಹಗ್ಗವನ್ನು ಎಂಟರ ಆಕಾರದ ಒಂದು ಲೋಹದ ಬಳೆಯೊಳಗೆ ಸುತ್ತಿ ನನ್ನ ಹಾರ್ನೆಸ್‌ಗೆ ಸಿಕ್ಕಿಸಿದರು. ಬೇರೆ ಹಗ್ಗವೊಂದನ್ನು ಜೋಪಾನಕ್ಕೆ ಅಂತ ಕಟ್ಟಿದರು. ಬಂಡೆ ಹತ್ತೋಕೆ ಬಳಸುವ ಹಗ್ಗ ಹಿಗ್ಗುತ್ತದೆ, ಬಿದ್ದವರ ಹೊಡೆತವನ್ನು ಅದು ನುಂಗಬೇಕು. ಇಳಿಯುವ ಹಗ್ಗ ಹೆಚ್ಚು ಹಿಗ್ಗಬಾರದು, ಹಿಗ್ಗಿದರೆ ರಬ್ಬರ್ ಬ್ಯಾಂಡ್‌ಗೆ ಕಟ್ಟಿದ ಚೆಂಡಿನ ಥರ ಕುಣಿಯುತ್ತೀರಿ. ಹಗ್ಗದ ಒಳಗಿನ ತಿರುಳು ಭಾರ ಹೊರುತ್ತದೆ, ಹೊರಗಿನ ನೇಯ್ಗೆ ಆ ತಿರುಳನ್ನು ಕಾಯುತ್ತದೆ. ಇದನ್ನೆಲ್ಲ ಇಳಿಸುವವರು ಹೇಳುತ್ತಿದ್ದಾಗ ನಾನು ತಲೆಯಾಡಿಸುತ್ತಿದ್ದೆ, ಕಣ್ಣು ಮಾತ್ರ ಬಂಡೆಯ ಅಂಚಿನ ಮೇಲಿತ್ತು.

ಬಲಗೈ ಸೊಂಟದ ಹತ್ತಿರ ಕೆಳಗೆ. ಅದೇ ಬ್ರೇಕ್. ಹಗ್ಗ ಬಿಗಿ ಹಿಡಿದರೆ ನಿಲ್ಲುತ್ತೀರಿ, ಸಡಿಲ ಬಿಟ್ಟರೆ ಇಳಿಯುತ್ತೀರಿ. ಎಡಗೈ ಮೇಲೆ, ಬರೀ ಹದಕ್ಕೆ. ಇಷ್ಟೇ ಪಾಠ. ಆದರೆ ಮನಸ್ಸು ಕೇಳಬೇಕಲ್ಲ? ಅಂಚಿನಲ್ಲಿ ನನ್ನ ಎಡಗೈ ಗೆಣ್ಣುಗಳು ಬೆಳ್ಳಗಾಗಿದ್ದವು. ಏನೂ ಕೆಲಸ ಇಲ್ಲದ ಕೈಯೇ ಪ್ರಾಣ ಹೋಗುವ ಹಾಗೆ ಹಗ್ಗ ಹಿಡಿದಿತ್ತು. ಎಲ್ಲ ಕೆಲಸ ಮಾಡಬೇಕಾದ ಬಲಗೈ ಒದ್ದೆಯಾಗಿ ಮೆತ್ತಗೆ ಕೂತಿತ್ತು.

'ಹಿಂದಕ್ಕೆ ವಾಲಿ. ಕುರ್ಚಿಯಲ್ಲಿ ಕೂರೋ ಹಾಗೆ.' ಶೂನ್ಯಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರೋದು! ನಾನು ನೆಟ್ಟಗೆ ನಿಲ್ಲೋಕೆ ನೋಡಿದೆ, ತಕ್ಷಣ ಕಾಲು ಜಾರಿ ಮಂಡಿ ಬಂಡೆಗೆ ತರಚಿತು. ಆಮೇಲೆ ಅರ್ಥ ಆಯಿತು. ನೆಟ್ಟಗೆ ನಿಂತರೆ ಭಾರ ಕೆಳಗೆ ಹೋಗುತ್ತದೆ, ಕಾಲು ಜಾರುತ್ತದೆ. ವಾಲಿದರೆ ಪಾದ ಬಂಡೆಯನ್ನು ಒತ್ತುತ್ತದೆ, ಹಿಡಿತ ಸಿಗುತ್ತದೆ. ಹೆದರಿ ಬಂಡೆಗೆ ಅಂಟಿಕೊಂಡಷ್ಟೂ ಜಾರೋದು ಜಾಸ್ತಿ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಬಂಡೆಯ ಮೇಲೆ ಹಿಮ್ಮುಖವಾಗಿ ನಡೆಯುತ್ತಿದ್ದೆ. ಆರು ನಿಮಿಷ. ಕೆಳಗೆ ಮುಟ್ಟಿದಾಗ ಆ ಲೋಹದ ಬಳೆ ಮುಟ್ಟಿ ನೋಡಿದೆ, ಚೆನ್ನಾಗಿಯೇ ಬಿಸಿಯಾಗಿತ್ತು. ಕೂದಲು, ಶಾಲು ಏನಾದರೂ ಜೋತಾಡುತ್ತಿದ್ದರೆ ಮೊದಲೇ ಕಟ್ಟಿ ಒಳಗೆ ಸೇರಿಸಿ. ಅದರೊಳಗೆ ಸಿಕ್ಕಿಕೊಂಡರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಈ ವಿದ್ಯೆ ಕಂಡುಹಿಡಿದ ಹೆಸರು ಯುರೋಪಿನ ಆಲ್ಪ್ಸ್ ಪರ್ವತದ ಒಬ್ಬ ಗೈಡ್‌ಗೆ ಹೋಗುತ್ತದೆ. ಜಾನ್ ಷಾರ್ಲೆ ಅನ್ನುವವನು 1876ರಲ್ಲಿ ಪೆಟಿ ದ್ರು ಶಿಖರ ಹತ್ತೋಕೆ ಹೋಗಿ, ಆಗದೇ ವಾಪಸ್ ಬರುವಾಗ ಹೀಗೆ ಹಗ್ಗದಲ್ಲಿ ಇಳಿದನಂತೆ. ಮುಂದೆ ಬಹಳ ಕಾಲ ಹಗ್ಗವನ್ನು ತೊಡೆಗೆ, ಹೆಗಲಿಗೆ ಸುತ್ತಿಕೊಂಡೇ ಇಳಿಯುತ್ತಿದ್ದರು. ಬಿಸಿಯಾಗುತ್ತಿದ್ದದ್ದು ಲೋಹ ಅಲ್ಲ, ಚರ್ಮ! ಅದನ್ನು ಕೇಳಿದ ಮೇಲೆ ನನ್ನ ತರಚಿದ ಮಂಡಿ ಬಗ್ಗೆ ಮಾತಾಡೋದು ಬಿಟ್ಟೆ.

ನಮ್ಮನೆಯವರದು ಬೇರೆ ಕಥೆ. ಬಲ್ಬ್ ಬದಲಿಸೋಕೆ ಏಣಿ ಹತ್ತು ಅಂದರೂ ಹತ್ತದ ಮನುಷ್ಯ. ಅಂಚಿನಲ್ಲಿ ಏಳು ನಿಮಿಷ ನಿಂತರು. ಯಾರೂ ಬಲವಂತ ಮಾಡಲಿಲ್ಲ. ಆಮೇಲೆ ಕೆಳಗಿದ್ದ ಹುಡುಗ ಅವರ ಹಗ್ಗದ ತುದಿ ಹಿಡಿದು ಕೂಗಿದ: 'ಸಾರ್, ನೀವು ಕೈ ಬಿಟ್ಟರೂ ನಾನು ಇಲ್ಲಿಂದ ಎಳೆದರೆ ಸಾಕು, ನಿಲ್ತೀರಿ. ಎರಡೇ ಹೆಜ್ಜೆ ಇಳಿದು ನೋಡಿ.' ಇವರು ಎರಡು ಹೆಜ್ಜೆ ಇಳಿದರು. ಕೆಳಗಿನವನು ಜಗ್ಗಿದ. ಹಗ್ಗ ಬಿಗಿಯಿತು, ಇವರು ಅಲ್ಲೇ ನಿಂತರು. ಹಗ್ಗದ ಆ ಬಿಗಿ ಕಂಡ ಮೇಲೆ ನಂಬಿಕೆ ಬಂತು. ಇಳಿದು ಬಂದು ಏನೂ ಮಾತಾಡಲಿಲ್ಲ, ನೀರು ಕೇಳಿದರು. ಹತ್ತು ನಿಮಿಷ ಆದ ಮೇಲೆ, 'ಇನ್ನೊಂದು ಸಲ ಬಿಡ್ತಾರಾ ಕೇಳು' ಅಂದರು.

ಎತ್ತರದ ಜೋಡಿಯಲ್ಲಿ ನನ್ನ ಓಟು ಕಣ್ಣು ಮುಚ್ಚಿ ರಾಪೆಲಿಂಗ್‌ಗೆ.

ಎಂಟು ಜನರ ದೋಣಿಯೋ, ಇಬ್ಬರದೋ

ರಾಫ್ಟಿಂಗ್‌ಗೆ ಮಗಳಿಗೆ ವಯಸ್ಸು ಸಾಲದು ಅಂದರು, ಅಣ್ಣ ಅವಳ ಜೊತೆ ದಡದಲ್ಲೇ ಉಳಿದ. ವಯಸ್ಸಿನ ಮಿತಿ ನದಿಯಿಂದ ನದಿಗೆ ಬದಲಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ನದಿಯ ರಭಸವನ್ನು 1ರಿಂದ 6ರವರೆಗೆ ಅಳೆಯುತ್ತಾರೆ. 1 ಅಂದರೆ ಹರಿಯುವ ಶಾಂತ ನೀರು, 6 ಅಂದರೆ ಪಳಗಿದವರೂ ಕೈಮುಗಿಯುವಂಥದ್ದು. ನಮ್ಮದು 2 ಮತ್ತು 3. ಮಳೆ ಬಂದು ನೀರು ಏರಿದರೆ ಅದೇ ಜಾಗದ ಅಂಕಿ ಬದಲಾಗುತ್ತದೆ. ಹಾಗಾಗಿ 'ಇಲ್ಲಿ ಎಷ್ಟು' ಅಂತಲ್ಲ, 'ಇವತ್ತು ಎಷ್ಟು' ಅಂತ ಕೇಳಿ.

ಗೊತ್ತಿಲ್ಲದ ಆರು ಜನರ ಜೊತೆ ನಾವಿಬ್ಬರು. ಹಿಂದೆ ಗೈಡ್. ಅವನು 'ಮುಂದೆ' ಅಂದರೆ ಮುಂದೆ, 'ನಿಲ್ಲಿ' ಅಂದರೆ ನಿಲ್ಲಬೇಕು. ಮೊದಲ ಹತ್ತು ನಿಮಿಷ ನಮ್ಮ ಹುಟ್ಟುಗಳು ಒಂದಕ್ಕೊಂದು ಟಕ್ ಟಕ್ ಬಡಿಯುತ್ತಿದ್ದವು. ಹುಟ್ಟಿನ ಮೇಲ್ತುದಿಯಲ್ಲಿ ಅಡ್ಡಪಟ್ಟಿಯಂಥ ಹಿಡಿ ಇರುತ್ತದೆ, ಅದರಿಂದ ಕೈ ತೆಗೆಯಬೇಡಿ ಅಂತ ಗೈಡ್ ನಾಲ್ಕು ಸಲ ಹೇಳಿದ. ಯಾಕೆ ಅಂದರೆ ಅಲೆ ಬಡಿದಾಗ ಆ ಹಿಡಿ ಪಕ್ಕದವರ ಹಲ್ಲಿಗೆ ಹೋಗುತ್ತದೆ.

ರಾಫ್ಟ್‌ನ ಮಜಾ ಇರೋದು ಕಿವಿಯಲ್ಲಿ. ನೊರೆಯೆದ್ದ ರಭಸದ ನೀರು ಕಣ್ಣಿಗೆ ಕಾಣುವ ಮೊದಲು ಸದ್ದು ಬರುತ್ತದೆ. ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಆಮೇಲೆ ದೋಣಿಯ ಮೂತಿ ಕೆಳಗೆ ಹೋಗುತ್ತದೆ, ತಣ್ಣಗಿನ ನೀರು ಎದೆಗೆ ಬಡಿಯುತ್ತದೆ, ಗೈಡ್ ಕಿರುಚುತ್ತಾನೆ, ಎಲ್ಲರೂ ಹುಚ್ಚರಂತೆ ಹುಟ್ಟು ಹಾಕುತ್ತಾರೆ. ಮೂರನೇ ರಭಸದಲ್ಲಿ ನನ್ನ ಮುಂದಿದ್ದವರು ಬಿದ್ದೇ ಬಿಟ್ಟರು. ಪುಣ್ಯಕ್ಕೆ ಪಾಠ ನೆನಪಿತ್ತು: ಬೆನ್ನ ಮೇಲೆ ತೇಲಿ, ಪಾದ ಮುಂದೆ, ಕಾಲ್ಬೆರಳು ನೀರಿನ ಮೇಲೆ. ಎದೆಯೆತ್ತರ ನೀರು ಇದ್ದರೂ ಎದ್ದು ನಿಲ್ಲೋಕೆ ಹೋಗಬಾರದು. ಕಾಲು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ ಹರಿವು ಮೈಯನ್ನು ಮುಂದಕ್ಕೆ ಮಗುಚಿ ಹಾಕುತ್ತದೆ. ಹಗ್ಗ ಎಸೆದರು, ಎಳೆದುಕೊಂಡರು. ಎರಡೇ ನಿಮಿಷ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಹೆಗಲ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಅದು ಕಿವಿಯವರೆಗೆ ಬಂದರೆ ಸಡಿಲ ಇದೆ ಅಂತಲೇ ಅರ್ಥ.

ಒಂದೂವರೆ ಗಂಟೆ ನೀರಿನ ಮೇಲೆ. ಆದರೆ ರಭಸ ಇದ್ದದ್ದು ಅದರಲ್ಲಿ ಹದಿನೈದು ನಿಮಿಷ ಇರಬಹುದು. ಉಳಿದದ್ದು ತೇಲುವುದು, ನಡುಗುವುದು, ಒದ್ದೆ ಶೂ.

ಕಯಾಕ್‌ನಲ್ಲಿ ಅಂಥ ಗದ್ದಲ ಇಲ್ಲ ಅಂದುಕೊಂಡಿದ್ದೆ. ಗದ್ದಲ ನಾವೇ ತಂದೆವು. ಸರೋವರದ ನಿಂತ ನೀರು, ಇಬ್ಬರು ಕೂರುವ ದೋಣಿ. ಇದನ್ನು ಬಲ್ಲವರು ತಮಾಷೆಗೆ 'ಡೈವೋರ್ಸ್ ಬೋಟ್' ಅನ್ನುತ್ತಾರಂತೆ. ಐದು ನಿಮಿಷದಲ್ಲಿ ಕಾರಣ ಗೊತ್ತಾಯಿತು.

'ರೀ, ಎಡಕ್ಕೆ!'

'ಎಡಕ್ಕೇ ಹಾಕ್ತಾ ಇದ್ದೀನಲ್ಲೇ!'

'ಮತ್ತೆ ಯಾಕೆ ಎಡಕ್ಕೇ ತಿರುಗ್ತಿಲ್ಲ?'

ಎಡಗಡೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದು ಇಬ್ಬರಿಗೂ ಹೊಳೆಯುವ ಹೊತ್ತಿಗೆ ಎರಡು ಸುತ್ತು ಗಿರಗಿಟ್ಲೆ ಆಗಿತ್ತು. ಸಾಲದ್ದಕ್ಕೆ ನಮ್ಮನೆಯವರು ಹುಟ್ಟಿನ ತಗ್ಗು ಮುಖವನ್ನು ಆಚೆಗೆ ಮಾಡಿ ಹಿಡಿದಿದ್ದರು, ಅದು ನಮ್ಮ ಕಡೆ ಇರಬೇಕು. ಆ ಕಡೆ ಅಣ್ಣ ಮತ್ತು ಮಗಳು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿದ್ದರು. ಮಗಳು ಮುಂದೆ ಕೂತು 'ಒಂದು, ಎರಡು' ಎಣಿಸುತ್ತಿದ್ದಳು, ಅಣ್ಣ ಹಿಂದೆ ಕೂತು ಅದೇ ಲಯಕ್ಕೆ ಹುಟ್ಟು ಹಾಕುತ್ತಿದ್ದ. ಗುಟ್ಟು ಅದೇ. ಮುಂದಿನವರು ಲಯ ಕೊಡಬೇಕು, ಹಿಂದಿನವರು ಅದನ್ನು ಹಿಡಿದು ದಿಕ್ಕು ನೋಡಿಕೊಳ್ಳಬೇಕು. ತೂಕ ಇರುವವರು ಹಿಂದೆ. ನಾವು ಉಲ್ಟಾ ಕೂತಿದ್ದೆವು. ದಡಕ್ಕೆ ಬಂದು ಜಾಗ ಬದಲಿಸಿಕೊಂಡೆವು.

ಅಲ್ಲಿಂದ ಮುಂದಿನ ಅರ್ಧ ಗಂಟೆ ಇಡೀ ದಿನದಲ್ಲೇ ಚೆನ್ನಾಗಿತ್ತು. ತೋಳಿನಿಂದ ಎಳೆಯದೆ ಸೊಂಟ ತಿರುಗಿಸಿದರೆ ದಣಿವು ಕಡಿಮೆ ಅಂತ ಕಂಡುಕೊಂಡೆ. ಹುಟ್ಟಿನಿಂದ ತೊಟ್ಟಿಕ್ಕಿದ ನೀರು ತೊಡೆ ಮೇಲೆ ಬೀಳುತ್ತಿತ್ತು. ಒಂದು ಮಿಂಚುಳ್ಳಿ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೀನು ಹಿಡಿಯಿತು. ಗಾಳಿ ಎದ್ದಿದ್ದರಿಂದ ವಾಪಸ್ ಬರೋದು ಮಾತ್ರ ಎರಡರಷ್ಟು ಕಷ್ಟವಾಯಿತು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ತಳ್ಳಿಕೊಂಡು ಬರುವಂತೆ ನೋಡಿಕೊಳ್ಳಬೇಕಿತ್ತು. ಸಾಧ್ಯವಾದರೆ ಬೆಳಗ್ಗೆಯೇ ಕಯಾಕ್ ಮುಗಿಸಿ, ಆಗ ಸಾಮಾನ್ಯವಾಗಿ ಗಾಳಿ ಕಡಿಮೆ. ಇನ್ನೊಂದು, ನೀರಿನಿಂದ ಪುಟಿದ ಬಿಸಿಲು ಗದ್ದದ ಅಡಿಯನ್ನೂ ಸುಡುತ್ತದೆ. ಟೋಪಿ ಅಲ್ಲಿಗೆ ಉಪಯೋಗಕ್ಕೆ ಬರಲ್ಲ, ನನ್ನ ಗದ್ದ ವಾರವಿಡೀ ಸುಲಿಯುತ್ತಿತ್ತು.

50 ನಿಮಿಷದ ಕಯಾಕ್‌ನಲ್ಲಿ 50 ನಿಮಿಷವೂ ಕೈಗೆ ಕೆಲಸ. ನನ್ನ ಲೆಕ್ಕದಲ್ಲಿ ಅದೇ ಗೆದ್ದಿತು. ನಮ್ಮನೆಯವರು ಒಪ್ಪಲ್ಲ. 'ಕಯಾಕ್ ಅಂದ್ರೆ ಕೆಲಸ, ರಾಫ್ಟ್ ಅಂದ್ರೆ ರಜೆ' ಅನ್ನುತ್ತಾರೆ. ಗೆಳೆಯರ ದೊಡ್ಡ ಗುಂಪಾದರೆ ಅವರು ಹೇಳೋದೇ ಸರಿ ಅಂತ ನನಗೂ ಅನಿಸುತ್ತದೆ. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಯಾಕ್. ಎರಡನ್ನೂ ಒಂದೇ ದಿನ ಬೇಡ, ನನ್ನ ಹೆಗಲು ಇನ್ನೂ ನೆನಪಿಸುತ್ತಿದೆ.

ಮಗಳಿಗೆ ಮಾತ್ರ ಈ ಹೋಲಿಕೆಯೆಲ್ಲ ಬೇಕಿಲ್ಲ. ಅವಳ ಓಟು ಜಿಪ್‌ಲೈನ್‌ಗೇ. ಬಂದಾಗಿನಿಂದ ವಾರಕ್ಕೊಮ್ಮೆ ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಮೊನ್ನೆ ಓಡಿ ಬಂದು ಹೇಳಿದಳು: 'ಅಮ್ಮಾ, ಎರಡು ಕೆಜಿ ಜಾಸ್ತಿ ಆಗಿದ್ದೀನಿ. ಈ ಸಲ ಕೊನೆ ಮುಟ್ತೀನಿ.'