ಹಾಸನದಲ್ಲಿ ಜಿರಳೆಗೆ ಔಷಧಿ ಹೊಡೆಸುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ

"ಒಂದು ವರ್ಷ ಗ್ಯಾರಂಟಿ, ಹರ್ಬಲ್ ಜೆಲ್" ಅಂತ ಫೋನಲ್ಲೇ ಮಾತು ಶುರು ಮಾಡುವವರನ್ನು ದಯವಿಟ್ಟು ಮನೆಯೊಳಗೆ ಬಿಡಬೇಡಿ. ಹೆಸರು ಹಾಕುವುದಿಲ್ಲ. ಆದರೆ ಆಟ ಹೇಗೆ ಆಡುತ್ತಾರೆ ಅಂತ ಪೂರ್ತಿ ಹೇಳುತ್ತೇನೆ.

ನಮ್ಮದು ಸಾಲಗಾಮೆ ರಸ್ತೆ ಕಡೆ ಬಾಡಿಗೆ ಮನೆ. ಅಡುಗೆಮನೆ ತುಂಬ ಸಣ್ಣ ಜಿರಳೆ. ಬಚ್ಚಲಲ್ಲಿ ಬರುವ ದೊಡ್ಡ ಕೆಂಪು ಜಿರಳೆ ಅಲ್ಲ, ಅದು ಚಪ್ಪಲಿಗಾದರೂ ಸಿಗುತ್ತದೆ. ಇದು ತಲೆ ಹಿಂದೆ ಎರಡು ಕಪ್ಪು ಗೆರೆ ಇರುವ ಜರ್ಮನ್ ಜಿರಳೆ. ಮಿಕ್ಸಿ ಅಡಿಯಲ್ಲಿ, ಫ್ರಿಜ್ ಬಾಗಿಲಿನ ರಬ್ಬರ್ ಸಂದಿಯಲ್ಲಿ, ಎಲ್ಲಿ ನೋಡಿದರೂ ಅದೇ. ಹಾಸನಾಂಬೆ ಬಾಗಿಲು ತೆಗೆಯುವ ಸಮಯ ಬೇರೆ, ಬೆಂಗಳೂರಿನ ನೆಂಟರೆಲ್ಲ ದರ್ಶನಕ್ಕೆ ಬಂದು ನಮ್ಮಲ್ಲೇ ಉಳಿಯುವವರಿದ್ದರು. ನಮಗೆ ಅರ್ಜೆಂಟ್ ಇದೆ ಅಂತ ಔಷಧಿ ಹೊಡೆಯುವವನಿಗೆ ಫೋನಲ್ಲೇ ಗೊತ್ತಾಗಿಹೋಯಿತು.

"ವಾಸನೆ ಇರಲ್ಲ ಮೇಡಂ, ಪಾತ್ರೆ ತೆಗೆಯೋದೂ ಬೇಡ, ಒಂದೇ ಒಂದು ಜಿರಳೆ ಕಂಡ್ರೂ ಫ್ರೀಯಾಗಿ ಬಂದು ಹೊಡೀತೀವಿ." ರೇಟು 1,200. ಬಂದ ಮೇಲೆ ಅದು ಅಡುಗೆಮನೆಗೆ ಮಾತ್ರ ಅಂತಾಯಿತು. ಬಚ್ಚಲಿಗೆ ಬೇರೆ, ಹಾಲಿಗೆ ಬೇರೆ. ಕೊನೆಗೆ 2,800 ಕಿತ್ತುಕೊಂಡ.

ಮಾಡಿದ್ದೇನು ಗೊತ್ತಾ? ಸ್ಟೌವ್ ಪಕ್ಕ ನಮ್ಮ ಕಣ್ಣಿಗೆ ಕಾಣುವ ಕಡೆ ಒಂದಿಷ್ಟು ಜೆಲ್ ಚುಕ್ಕೆ ಇಟ್ಟ. ಸಿಂಕ್ ಕೆಳಗೆ, ಕಬೋರ್ಡಿನ ಹಿಂಜ್ ಹತ್ತಿರ, ಫ್ರಿಜ್ಜಿನ ಮೋಟರ್ ಹಿಂದೆ, ಅಂದರೆ ಅವು ನಿಜವಾಗಿ ಇರುವ ಕಡೆ, ಒಂದು ಚುಕ್ಕೆಯೂ ಇಲ್ಲ. ಆಮೇಲೆ ಕುಡಿಯುವ ನೀರಿನ ಬಾಟಲಿಯಲ್ಲಿ ತಂದಿದ್ದ ಬೆಳ್ಳಗಿನ ಔಷಧಿಯನ್ನು ಪಂಪಿಗೆ ಸುರಿದು ಎಲ್ಲಾ ಕಡೆ ಹೊಡೆದ, ಆ ಜೆಲ್ ಮೇಲೂ ಹೊಡೆದ! "ಲೇಬಲ್ಲೇ ಇಲ್ವಲ್ಲಪ್ಪ?" ಅಂದರೆ "ನಮಗೆ ಲೂಸಲ್ಲಿ ಬರುತ್ತೆ ಮೇಡಂ" ಅಂದ. ವಾಸನೆ ಇಲ್ಲದ ಆ ಹರ್ಬಲ್ ಔಷಧಿಗೆ ನಮ್ಮತ್ತೆ ರಾತ್ರಿವರೆಗೂ ಕೆಮ್ಮಿದರು.

ಜೆಲ್ ಅಂದರೆ ವಿಷ ಹಾಕಿದ ತಿಂಡಿ. ಜಿರಳೆ ಅದನ್ನು ತಿಂದು, ಸಂದಿಗೆ ವಾಪಸ್ ಹೋಗಿ ಸಾಯಬೇಕು. ಅದರ ಹಿಕ್ಕೆ, ಹೆಣ ತಿಂದು ಉಳಿದವೂ ಸಾಯುತ್ತವೆ. ಅದರ ಮೇಲೇ ಸ್ಪ್ರೇ ಹೊಡೆದರೆ ಅವು ಹತ್ತಿರ ಸುಳಿಯುವುದಿಲ್ಲ. ಇದೇ ಕೆಲಸ ಮಾಡುವವನಿಗೆ ಇಷ್ಟೂ ಗೊತ್ತಿರಲ್ವಾ? ಇನ್ನೊಂದು, ಈ ಜಾತಿಯ ಹೆಣ್ಣು ಒಂದೊಂದು ಚೀಲದಲ್ಲಿ 30-40 ಮೊಟ್ಟೆ ಹೊತ್ತುಕೊಂಡು ತಿರುಗುತ್ತದೆ. ಸ್ಪ್ರೇ ಆ ಚೀಲದೊಳಗೆ ಇಳಿಯುವುದಿಲ್ಲ. ಮರಿ ಹೊರಗೆ ಬಂದ ಮೇಲೆ ಮತ್ತೊಮ್ಮೆ ಬಂದು ಮಾಡಲೇಬೇಕು. ಎರಡನೇ ಸಲದ ಮಾತೇ ಅವನು ಎತ್ತಲಿಲ್ಲ.

ನೆಂಟರು ಬಂದರು. ಚಿಕ್ಕಮ್ಮನ ಕಾಫಿ ಲೋಟದ ಅಂಚಿನ ಮೇಲೆ ಒಂದು ಮರಿ ಕೂತು ಮೀಸೆ ಆಡಿಸುತ್ತಿತ್ತು. ಚಿಕ್ಕಮ್ಮ ಏನೂ ಅನ್ನದೆ ಲೋಟ ಆಚೆ ಸರಿಸಿದರು. ಬೈದಿದ್ದರೂ ಪರವಾಗಿರಲಿಲ್ಲ.

ಅವತ್ತೇ ಫೋನ್ ಮಾಡಿದೆ. "ಔಷಧಿ ಕೆಲಸ ಮಾಡ್ತಿದೆ ಮೇಡಂ, ಅದಕ್ಕೇ ಒಳಗಿರೋದೆಲ್ಲ ಹೊರಗೆ ಬರ್ತಿವೆ." ಮೊದಲ ಒಂದೆರಡು ದಿನಕ್ಕೆ ಈ ಮಾತು ನಿಜವೇ, ಒಪ್ಪೋಣ. ವಾರಗಟ್ಟಲೆನಾ? ಮತ್ತೆ ಮಾಡಿದೆ. "ನೆಲ ಒರೆಸಿದ್ರಾ? ಒರೆಸಿದ್ರೆ ಗ್ಯಾರಂಟಿ ಹೋಯ್ತು." ಅಂದರೆ ವರ್ಷವಿಡೀ ನೆಲ ಒರೆಸದೆ ಕೂರಬೇಕಿತ್ತು! ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ವೀಡಿಯೊ ತೆಗೆದು ಕಳಿಸಿದೆ. ಆಗ ಬಂತು ನೋಡಿ ಉತ್ತರ, ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದವನು ಇದ್ದಕ್ಕಿದ್ದಂತೆ ಅಕ್ಕ ಅಂದ: "ಅಕ್ಕಾ, ಇದು ಚಿಕ್ಕ ಜಿರಳೆ. ನಮ್ಮ ಗ್ಯಾರಂಟಿ ದೊಡ್ಡದಕ್ಕೆ ಮಾತ್ರ."

ಬಂದ ದಿನ ಮಿಕ್ಸಿ ಎತ್ತಿ ತೋರಿಸಿದ್ದೇ ಚಿಕ್ಕ ಜಿರಳೆ. ಅದನ್ನು ನೋಡಿಯೇ ರೇಟು ಹೇಳಿದ್ದು. ಮೈಯೆಲ್ಲ ಉರಿದುಹೋಯಿತು. ರಸೀದಿ ತೆಗೆದು ನೋಡಿದರೆ ತಾರೀಖು, ಮೊತ್ತ, "ಜಿರಳೆ" ಅಂತ ಒಂದು ಪದ, ಅಷ್ಟೇ. ಗ್ಯಾರಂಟಿ ಅನ್ನುವ ಮಾತೇ ಇಲ್ಲ. ಲೈಸೆನ್ಸ್ ನಂಬರೂ ಇಲ್ಲ.

1968ರ ಕೀಟನಾಶಕ ಕಾಯ್ದೆ ಪ್ರಕಾರ ದುಡ್ಡಿಗೆ ಈ ಕೆಲಸ ಮಾಡುವವರಿಗೆ ಲೈಸೆನ್ಸ್ ಬೇಕು. ಮೊದಲು ಅದನ್ನು ಕೇಳಿ. ಬಾಟಲಿ ಮೇಲೆ ಔಷಧಿ ಹೆಸರು, ವಿಷ ಎಷ್ಟು ಜೋರು ಅಂತ ತೋರಿಸುವ ಬಣ್ಣದ ಗುರುತು ಇರಲೇಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಯಾವ ಜಿರಳೆಗೆ, ಎರಡನೇ ಸಲ ಯಾವತ್ತು ಬರುತ್ತಾರೆ, ಎಲ್ಲಾ ರಸೀದಿ ಮೇಲೆ ಬರೆಸಿಕೊಂಡು ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ. ಇಂಥವರಿಗೆ ಮರ್ಯಾದೆ ನೋಡಬೇಡಿ.

ಈಗ ಅಂಗಡಿಯಿಂದ ಜೆಲ್ ಟ್ಯೂಬ್ ತಂದು ನಾನೇ ಹಿಂಜ್ ಸಂದಿಗೆಲ್ಲ ಹಾಕುತ್ತಿದ್ದೇನೆ, ಸ್ಪ್ರೇ ಮುಟ್ಟಿಲ್ಲ, ಸುಮಾರು ಕಡಿಮೆಯಾಗಿದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂತ ಅವನಿಗೆ ಮೆಸೇಜ್ ಹಾಕಿದ್ದೆ. ಬಂದ ಉತ್ತರ ಇದು: "ಯಾಕಕ್ಕಾ ದೊಡ್ಡದು ಮಾಡ್ತೀರ? ಐನೂರು ಕೊಡಿ, ಚಿಕ್ಕದಕ್ಕೂ ಹೊಡ್ಕೊಡ್ತೀನಿ." ದೂರು ಕೊಟ್ಟಾಗಿದೆ.